ಎಂಟು ವಾರ, ಒಂದು ನೋಟ್‌ಬುಕ್: ಎನ್‌ಪಿಟೆಲ್‌ನ ಪೈಥಾನ್ ಕೋರ್ಸ್ ಮಾಡಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಕೋಡ್ ಬರೆಯುವ ಕೆಲಸದಲ್ಲಿರುವವರು, ಅದರಲ್ಲೂ ಐದಾರು ವರ್ಷ ಕಳೆದವರು, ಈ ಕೋರ್ಸನ್ನು ಒಮ್ಮೆ ಮಾಡಿ. ಹೆಸರು ಸ್ವಲ್ಪ ಉದ್ದ: ‘ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್ ಅಂಡ್ ಆಲ್ಗಾರಿದಮ್ಸ್ ಯೂಸಿಂಗ್ ಪೈಥಾನ್’. ಕಲಿಸುವವರು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರೊ. ಮಾಧವನ್ ಮುಕುಂದ್. ಆನ್‌ಲೈನ್‌ನಲ್ಲಿ ನಡೆಯುವ ಎಂಟು ವಾರದ ಕೋರ್ಸು, ಸೇರಲು ದುಡ್ಡು ಕೊಡಬೇಕಿಲ್ಲ.

ನಾನು 11 ವರ್ಷದಿಂದ ಜಾವಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಮನೆ ಹೆಬ್ಬಾಳದ ಹತ್ತಿರ, ಆಫೀಸು ಬೆಳ್ಳಂದೂರಿನಲ್ಲಿ. 500ಡಿ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ದಿನದ ಮೂರು ಗಂಟೆ ಮುಗಿದಿರುತ್ತದೆ. ಮಗಳು ಎರಡನೇ ಕ್ಲಾಸು. ಇದರ ಮಧ್ಯೆ ಹೊಸದೇನಾದರೂ ಕಲಿಯೋಣ ಅಂತ ಹೊರಟವರಿಗೆಲ್ಲ ಗೊತ್ತಿರುತ್ತದೆ, ವಿಡಿಯೋಗಳಿಗೆ ಬರವಿಲ್ಲ, ಬಿಡದೆ ಕೂತು ಮುಗಿಸುವುದೇ ಕಷ್ಟ.

ಎರಡು ವರ್ಷದ ಹಿಂದೆ ಒಂದು ಕಂಪನಿಯ ದುಬಾರಿ ಕೋರ್ಸಿಗೆ ಸೇರಿದ್ದೆ. ಹೆಸರು ಬೇಡ. ಸೇರುವ ತನಕ ದಿನಕ್ಕೆ ನಾಲ್ಕು ಸಲ ಫೋನು ಬರುತ್ತಿತ್ತು. ದುಡ್ಡು ಕಟ್ಟಿದ ಮೇಲೆ ಮೂರು ತಿಂಗಳಲ್ಲಿ ಮೂವರು ಮೆಂಟರ್‌ಗಳು ಬದಲಾದರು, ಪ್ರತಿಯೊಬ್ಬರಿಗೂ ನನ್ನ ಕಥೆಯನ್ನು ಮೊದಲಿಂದ ಹೇಳಬೇಕಾಯಿತು, ಕೊನೆಗೆ ಸಿಕ್ಕಿದ್ದು ಯಾವತ್ತೋ ರೆಕಾರ್ಡ್ ಮಾಡಿಟ್ಟ ಪಾಠಗಳು. ನಾನು ಮೂರನೇ ತಿಂಗಳಿಗೇ ಬಿಟ್ಟೆ. ಇಎಂಐ ಮಾತ್ರ 12 ತಿಂಗಳೂ ಹೋಯಿತು. ಆ ಬೇಜಾರು ಎಷ್ಟಿತ್ತು ಅಂದರೆ, ಆಮೇಲೆ ಒಂದು ವರ್ಷ ಯಾವ ಕೋರ್ಸಿನ ಕಡೆಗೂ ತಿರುಗಿ ನೋಡಲಿಲ್ಲ.

ಎನ್‌ಪಿಟೆಲ್ ನನಗೆ ಹೊಸದೇನಲ್ಲ. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಸೇರಿ 2003ರಲ್ಲಿ ಶುರು ಮಾಡಿದ್ದು, ಕೇಂದ್ರ ಸರ್ಕಾರದ ದುಡ್ಡಿನಲ್ಲಿ ನಡೆಯುವಂಥದ್ದು. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ಪರೀಕ್ಷೆ ಹತ್ತಿರ ಬಂದರೆ ಲೈಬ್ರರಿಯ ಕಂಪ್ಯೂಟರಿನಲ್ಲಿ ಅದರ ವಿಡಿಯೋ ಹಾಕಿಕೊಂಡು ನಾಲ್ಕೈದು ಜನ ಒಟ್ಟಿಗೆ ನೋಡುತ್ತಿದ್ದೆವು. ಆಗ ಅದು ಬರೀ ಪಾಠಗಳ ಸಂಗ್ರಹ. ವಾರ ವಾರ ಅಸೈನ್‌ಮೆಂಟ್, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟ್ ಇರುವ ಕೋರ್ಸ್‌ಗಳು ಬಂದಿದ್ದು 2014ರಿಂದ. ನನ್ನ ಪ್ರಕಾರ ಇಡೀ ವ್ಯತ್ಯಾಸ ಇರುವುದು ಆ ವಾರದ ಗಡುವಿನಲ್ಲೇ.

ಮೊದಲ ವಾರದ ಪಾಠ ಮಸಾಅ, ಅಂದರೆ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ. ಹೈಸ್ಕೂಲಿನಲ್ಲಿ ಮಾಡಿದ ಲೆಕ್ಕ. ಇದನ್ನೇನು ಕಲಿಯೋದು ಅಂತ ಅನಿಸಿತು. ಆದರೆ ಅವರು ಅದನ್ನು ಬೆಳೆಸುವ ರೀತಿ ನೋಡಿ. ಮೊದಲು ಎರಡೂ ಸಂಖ್ಯೆಗಳ ಅಪವರ್ತನಗಳನ್ನೆಲ್ಲ ಪಟ್ಟಿ ಮಾಡಿ, ಎರಡರಲ್ಲೂ ಇರುವುದನ್ನು ಆರಿಸಿ, ಕೊನೆಯದನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ, ಎರಡು ಪಟ್ಟಿ ಯಾಕೆ ಬೇಕು? ಪಟ್ಟಿಯೇ ಯಾಕೆ ಬೇಕು? ದೊಡ್ಡದು ಬೇಕಿದ್ದರೆ ಕೆಳಗಿನಿಂದ ಯಾಕೆ ಬರಬೇಕು, ಮೇಲಿನಿಂದ ಇಳಿದರೆ ಮೊದಲು ಸಿಕ್ಕಿದ್ದೇ ಉತ್ತರ ಅಲ್ವಾ? ಹೀಗೆ ಒಂದೊಂದನ್ನೇ ಬಿಡುತ್ತಾ ಬಂದು ಕೊನೆಗೆ ಯೂಕ್ಲಿಡ್‌ನ ವಿಧಾನಕ್ಕೆ ತಂದು ನಿಲ್ಲಿಸುತ್ತಾರೆ.

ಬೆಳಗ್ಗೆ ಐದೂವರೆ. ಮಗಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ನಾನೇ ಮಾಡಿ ನೋಡಿದೆ. 1071 ಮತ್ತು 462. 1071ನ್ನು 462ರಿಂದ ಭಾಗಿಸಿದರೆ ಶೇಷ 147. 462ನ್ನು 147ರಿಂದ, ಶೇಷ 21. 147ನ್ನು 21ರಿಂದ, ಶೇಷ ಸೊನ್ನೆ. ಉತ್ತರ 21. ಮೂರೇ ಸಾಲು. 462ರಿಂದ ಒಂದೊಂದೇ ಇಳಿಯುತ್ತಾ ಬಂದಿದ್ದರೆ 21 ಸಿಗುವ ತನಕ 442 ಸಂಖ್ಯೆ ನೋಡಬೇಕಿತ್ತು. ಒಲೆ ಮೇಲಿದ್ದ ಹಾಲು ಉಕ್ಕುವುದರಲ್ಲಿತ್ತು, ಎದ್ದು ಹೋಗಿ ಆರಿಸಿ ಬಂದು ಮತ್ತೆ ಅದೇ ಮೂರು ಸಾಲು ನೋಡುತ್ತಾ ಕೂತೆ. ಆಫೀಸಿನ ಸ್ಪ್ರಿಂಟು, ಟಿಕೆಟ್ಟು, ಸ್ಟ್ಯಾಂಡಪ್ಪು ಅಂತ ಓಡುವುದರಲ್ಲಿ, ಒಂದು ಲೆಕ್ಕವನ್ನು ಹೀಗೆ ಸಮಾಧಾನವಾಗಿ ನೋಡಿ ಎಷ್ಟು ವರ್ಷ ಆಗಿತ್ತೋ.

ಇದು ಆಫೀಸಿನಲ್ಲೂ ಕೆಲಸಕ್ಕೆ ಬಂತು. ನಮ್ಮಲ್ಲಿ ರಾತ್ರಿ ಓಡುವ ಒಂದು ರಿಪೋರ್ಟ್ ಇದೆ. ಎರಡು ಪಟ್ಟಿಗಳನ್ನು ಹೋಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ಹೇಳಬೇಕು. ಬರೆದಿದ್ದು ನಾನೇ, ನಾಲ್ಕು ವರ್ಷದ ಹಿಂದೆ. ಲೂಪಿನ ಒಳಗೆ ಲೂಪು, ಅಂದರೆ ಒಂದು ಪಟ್ಟಿಯ ಪ್ರತಿ ಸಾಲನ್ನೂ ಇನ್ನೊಂದರ ಎಲ್ಲ ಸಾಲುಗಳ ಜೊತೆ ಹೋಲಿಸುವುದು. ಆಗ ಪಟ್ಟಿಯಲ್ಲಿ ಎರಡು ಸಾವಿರ ಸಾಲು ಇದ್ದವು, ಏನೂ ತೊಂದರೆ ಆಗಿರಲಿಲ್ಲ. ಈಗ ಒಂದೊಂದರಲ್ಲೂ 60,000. ಗುಣಿಸಿ ನೋಡಿ, 360 ಕೋಟಿ ಹೋಲಿಕೆ. ರಿಪೋರ್ಟ್ ನಿಧಾನ ಅಂತ ದೂರು ಬಂದಾಗ ನಾವು ಸರ್ವರ್ ದೊಡ್ಡದು ಮಾಡುವ ಮಾತಾಡುತ್ತಿದ್ದೆವು. ಪಟ್ಟಿಯಲ್ಲಿ ಒಂದೊಂದೇ ನೋಡುತ್ತಾ ಹುಡುಕುವುದಕ್ಕೂ ಪೈಥಾನ್‌ನ ಡಿಕ್ಷನರಿಯಲ್ಲಿ ನೇರವಾಗಿ ಹುಡುಕುವುದಕ್ಕೂ ಇರುವ ವ್ಯತ್ಯಾಸದ ಪಾಠ ಕೇಳಿದ ವಾರವೇ ಕೂತು, ಒಂದು ಪಟ್ಟಿಯನ್ನು ಜಾವಾದಲ್ಲಿ ಅದೇ ಕೆಲಸ ಮಾಡುವ ಹ್ಯಾಶ್‌ಮ್ಯಾಪ್‌ಗೆ ಹಾಕಿದೆ. ಆರು ಸಾಲು ಬದಲಾವಣೆ. ರಿಪೋರ್ಟ್ ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಹ್ಯಾಶ್‌ಮ್ಯಾಪ್ ನನಗೆ ಗೊತ್ತಿರಲಿಲ್ಲ ಅಂತಲ್ಲ, ದಿನಾ ಬಳಸುತ್ತೇನೆ. ಆದರೆ ನನ್ನದೇ ಹಳೇ ಕೋಡನ್ನು ತೆರೆದು ‘ಇದು ಎಷ್ಟು ಸಲ ಓಡುತ್ತದೆ’ ಅಂತ ಎಣಿಸುವ ಅಭ್ಯಾಸ ಹೋಗಿಬಿಟ್ಟಿತ್ತು. ಅದು ವಾಪಸು ಬಂತು.

ಅಸೈನ್‌ಮೆಂಟ್ ಬಗ್ಗೆ ಹೇಳಲೇಬೇಕು. ಪ್ರೋಗ್ರಾಂ ಬರೆದು ಕಳಿಸಿದರೆ, ಅದು ಸರಿಯಿದೆಯಾ ಅಂತ ನೋಡುವ ಕೆಲವು ಪರೀಕ್ಷೆಗಳು ನಮಗೆ ಕಾಣುತ್ತವೆ, ಕೆಲವು ಕಾಣುವುದಿಲ್ಲ. ನಾನು ಸೇರಿದ ಸಲ ಗಡುವು ಬುಧವಾರ ರಾತ್ರಿ 11:59ಕ್ಕೆ ಇತ್ತು. ಒಂದು ಬುಧವಾರ ಮಗಳನ್ನು ಮಲಗಿಸಿ ಹತ್ತೂವರೆಗೆ ಕೂತೆ. ಕಾಣುವ ಪರೀಕ್ಷೆಗಳೆಲ್ಲ ಪಾಸ್. ಆದರೂ ಏನೋ ಅನುಮಾನ. ಖಾಲಿ ಪಟ್ಟಿ ಕೊಟ್ಟರೆ ಏನಾಗುತ್ತದೆ ಅಂತ ನೋಡಿದರೆ ಪ್ರೋಗ್ರಾಂ ಅಲ್ಲೇ ಬಿತ್ತು. ಸರಿ ಮಾಡಿ ಕಳಿಸುವಾಗ 11:40. ಮರುದಿನ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗಲೂ ಆ ಖುಷಿ ಇಳಿದಿರಲಿಲ್ಲ.

ಮಧ್ಯದ ವಾರಗಳಲ್ಲಿ ಸಾರ್ಟಿಂಗ್, ರಿಕರ್ಷನ್, ಬ್ಯಾಕ್‌ಟ್ರ್ಯಾಕಿಂಗ್ ಎಲ್ಲ ಬರುತ್ತವೆ, ಇಂಜಿನಿಯರಿಂಗ್ ಓದಿದವರಿಗೆ ಅಷ್ಟು ಕಷ್ಟವಾಗುವುದಿಲ್ಲ. ಕೊನೆಯಲ್ಲಿ ಬರುವ ಡೈನಾಮಿಕ್ ಪ್ರೋಗ್ರಾಮಿಂಗ್‌ಗೆ, ಅಂದರೆ ಸಣ್ಣ ಸಣ್ಣ ಉತ್ತರಗಳನ್ನು ಬರೆದಿಟ್ಟುಕೊಂಡು ದೊಡ್ಡ ಉತ್ತರ ಕಟ್ಟುವ ವಿಧಾನಕ್ಕೆ, ಮಾತ್ರ ಜಾಸ್ತಿ ಸಮಯ ಇಟ್ಟುಕೊಳ್ಳಿ. ಬಲಕ್ಕೆ ಮತ್ತು ಮೇಲಕ್ಕೆ ಮಾತ್ರ ಹೋಗಬಹುದಾದ ರಸ್ತೆಗಳಲ್ಲಿ, ಬಲಕ್ಕೆ 5 ಹೆಜ್ಜೆ, ಮೇಲಕ್ಕೆ 10 ಹೆಜ್ಜೆ ಇಟ್ಟು ಮೂಲೆ ತಲುಪಲು 3003 ದಾರಿಗಳಿವೆ. ಅದು ಸೂತ್ರದಿಂದಲೇ ಬರುತ್ತದೆ. ಮಧ್ಯೆ ಒಂದೆರಡು ಕಡೆ ರಸ್ತೆ ಅಗೆದುಬಿಟ್ಟರೆ? ಆಗ ಸೂತ್ರ ತೊಡಕಾಗುತ್ತದೆ. ಆದರೆ ರಸ್ತೆಗಳು ಸೇರುವ ಒಂದೊಂದು ಜಾಗಕ್ಕೂ ಅದರ ಎಡದ ಮತ್ತು ಕೆಳಗಿನ ಜಾಗಗಳ ಲೆಕ್ಕ ಕೂಡಿಸುತ್ತಾ ಹೋದರೆ ಎಷ್ಟು ಗುಂಡಿ ಇದ್ದರೂ ಉತ್ತರ ಸಿಗುತ್ತದೆ. ಇದನ್ನು ಮಗಳ ಚೌಕಳಿ ಪುಸ್ತಕದಲ್ಲಿ ಪೆನ್ಸಿಲ್ ಹಿಡಿದು ತುಂಬಿಸಿದೆ. ಕೂಡುವ ಲೆಕ್ಕ ಅಷ್ಟೇ ಆದ್ದರಿಂದ ಮೊದಲ ಎರಡು ಸಾಲನ್ನು ಅವಳೇ ತುಂಬಿದಳು.

ಹೊಸ ಲೈಬ್ರರಿಗಳು, ವೆಬ್‌ಸೈಟ್ ಕಟ್ಟುವುದು, ಮಷಿನ್ ಲರ್ನಿಂಗ್ ಇವೆಲ್ಲ ಇದರಲ್ಲಿ ಇಲ್ಲ. ಮುಂದಿನ ತಿಂಗಳು ಕೆಲಸ ಬದಲಿಸಬೇಕು ಅನ್ನುವ ಅವಸರದವರು ಬೇರೆ ನೋಡಿಕೊಳ್ಳಿ. ಪಾಠ ಇಂಗ್ಲಿಷಿನಲ್ಲಿದೆ, ಆದರೆ ಅವರ ಇಂಗ್ಲಿಷ್ ಸರಳ, ಮಾತು ನಿಧಾನ. ಎನ್‌ಪಿಟೆಲ್ ಹಲವು ಕೋರ್ಸ್‌ಗಳ ಪಾಠವನ್ನು ಕನ್ನಡಕ್ಕೂ ಅನುವಾದ ಮಾಡಿಸಿದೆ, ಕನ್ನಡ ಮೀಡಿಯಂನಿಂದ ಬಂದವರು ಸೇರುವ ಮುಂಚೆ ಅದನ್ನೂ ಹುಡುಕಿ ನೋಡಿ.

ಪರೀಕ್ಷೆ ಬೇಕಾದರೆ ಬರೆಯಬಹುದು, ಬೇಡವಾದರೆ ಇಲ್ಲ. ನಾನು ಕಟ್ಟಿದ್ದು 1000 ರೂಪಾಯಿ. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪ್ರೋಗ್ರಾಮಿಂಗ್ ಕೋರ್ಸ್‌ಗಳಲ್ಲಿ ಈ ಹಂಚಿಕೆ ಬೇರೆ ಇರಬಹುದು, ಸೇರುವಾಗ ಓದಿಕೊಳ್ಳಿ. ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ಭಾನುವಾರ ಬೆಳಗ್ಗೆ ಹೊರಡುವಾಗ ಅತ್ತೆ ಡಬ್ಬಿಗೆ ಚಿತ್ರಾನ್ನ ಹಾಕಿಕೊಡುತ್ತಾ, “ಈಗಲೂ ಪರೀಕ್ಷೆನಾ ನಿಂಗೆ? ಚೆನ್ನಾಗಿ ಬರಿಯಮ್ಮ” ಅಂದರು. ಮೂರು ಗಂಟೆಯ ಪರೀಕ್ಷೆ. ಒಟ್ಟು 78 ಬಂತು. 75 ದಾಟಿದ್ದರಿಂದ ಸರ್ಟಿಫಿಕೇಟಿನ ಮೇಲೆ ‘ಎಲೈಟ್’ ಜೊತೆಗೆ ‘ಸಿಲ್ವರ್’ ಅಂತಲೂ ಇದೆ.

ಅದನ್ನು ನೋಡಿ ಅಣ್ಣನ ಮಗಳು ಹಾಸನದಿಂದ ಫೋನ್ ಮಾಡಿದ್ದಳು. ಇಂಜಿನಿಯರಿಂಗ್ ಎರಡನೇ ವರ್ಷ. “ಅತ್ತೆ, ನಾನೂ ಸೇರಿದರೆ ನನ್ನ ಜೊತೆ ಕೂರುತ್ತೀರಾ?” ಅಂತ ಕೇಳಿದಳು. ಜುಲೈ ಸೆಮಿಸ್ಟರ್‌ಗೆ ಹೆಸರು ಕೊಟ್ಟಿದ್ದಾಳೆ. ಅದೇ ಮೇಷ್ಟ್ರ ಆಲ್ಗಾರಿದಮ್ಸ್ ಕೋರ್ಸಿಗೆ ನಾನೂ ಕೊಟ್ಟಿದ್ದೇನೆ. ಬುಧವಾರ ರಾತ್ರಿ ಒಂಬತ್ತಕ್ಕೆ ಇಬ್ಬರೂ ವಿಡಿಯೋ ಕಾಲ್ ಇಟ್ಟುಕೊಂಡು ಅಸೈನ್‌ಮೆಂಟ್‌ಗೆ ಕೂರುವುದು ಅಂತ ಮಾತಾಗಿದೆ. ಮಸಾಅ ಲೆಕ್ಕ ಇರುವ ಆ ನೋಟ್‌ಬುಕ್ಕನ್ನು ಹೋದ ವಾರ ಊರಿಗೆ ಹೋದಾಗ ಅವಳಿಗೆ ಕೊಟ್ಟು ಬಂದೆ.