ಕರಕುಶಲ ಮೇಳದಲ್ಲಿ ಯಾವುದು ಕೊಳ್ಳಲಿ: ಚನ್ನಪಟ್ಟಣದ ಗೊಂಬೆಯೋ, ಕಿನ್ನಾಳದ್ದೋ?

ಆಡುವ ಮಗುವಿಗಾದರೆ ಚನ್ನಪಟ್ಟಣದ್ದನ್ನೇ ತೆಗೆದುಕೊಳ್ಳಿ. ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅದಕ್ಕೇ ಆ ನುಣುಪು, ಆ ಹೊಳಪು. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರಲ್ಲಿ ನೆನೆಸಬೇಡಿ. ತೀರಾ ಚಿಕ್ಕ ಮಗುವಾದರೆ ಬಿಡಿ ಮಣಿ, ಸಣ್ಣ ಚಕ್ರ ಇರುವುದು ಬೇಡ.

ಕೊಪ್ಪಳ ಜಿಲ್ಲೆಯ ಕಿನ್ನಾಳದ್ದು ಬೇರೆಯೇ ಲೋಕ. ಹಗುರ ಮರವನ್ನು ಕೈಯಲ್ಲೇ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸುತ್ತಾರೆ. ಒಡವೆ, ಕಿರೀಟದ ಉಬ್ಬುಗೆರೆಗಳು ಕಲ್ಲಿನ ಪುಡಿ ಕಲಸಿದ ಅಂಟಿನವು. ಗೌರಿ, ಗರುಡ, ಕಾಮಧೇನು ಯಾವುದೇ ಇರಲಿ, ಮುಖದ ಕಳೆ ನೋಡಿ, ಕಣ್ಣು ಬರೆದ ರೀತಿ ನೋಡಿ. ಎಷ್ಟು ಚೆಂದ ಅಲ್ವಾ! ಆದರೆ ಇದು ಆಟಕ್ಕಲ್ಲ. ಶೋಕೇಸಿಗೋ, ದಸರಾದಲ್ಲಿ ಗೊಂಬೆ ಕೂರಿಸಲಿಕ್ಕೋ ಸರಿ. ಕೈಕೆಲಸ ಜಾಸ್ತಿ, ಹಾಗಾಗಿ ಬೆಲೆಯೂ ಜಾಸ್ತಿ. ಈ ಕಲೆಯನ್ನು ಉಳಿಸಿಕೊಂಡ ಚಿತ್ರಗಾರ ಮನೆತನಗಳು ಕೆಲವೇ. ದಯವಿಟ್ಟು ಚೌಕಾಸಿ ಮಾಡಬೇಡಿ.

ಎರಡಕ್ಕೂ ಜಿಐ ಗುರುತಿದೆ, ಅಂದರೆ ಆ ಊರಿನ ಕಸುಬೆಂದು ಸಾರುವ ಭೌಗೋಳಿಕ ಗುರುತು. ಆದರೂ ಮಳಿಗೆಯಲ್ಲಿ ಕೂತವರನ್ನು ಕೇಳಿ: ಯಾವ ಮರ, ಎಂಥ ಬಣ್ಣ, ನೀವೇ ಮಾಡಿದ್ದಾ? ಮಾಡಿದವರು ಬಾಯಿತುಂಬ ಹೇಳುತ್ತಾರೆ.