ಒಇಸಿಡಿಯೋ, ವಿಶ್ವ ಬ್ಯಾಂಕೋ: ಪ್ರಾಜೆಕ್ಟಿಗೆ ಯಾವುದು?

ದಾವಣಗೆರೆಯಲ್ಲಿ ಅರ್ಥಶಾಸ್ತ್ರ ಎಂಎ ಓದುತ್ತಿರುವ ಅಕ್ಕನ ಮಗಳು ಕೇಳಿದಳು: "ಮಾವ, ಅಂಕಿಅಂಶ ಎಲ್ಲಿಂದ ತಗೊಳ್ಳಲಿ? ಒಇಸಿಡಿಯಿಂದಲೋ, ವಿಶ್ವ ಬ್ಯಾಂಕಿನಿಂದಲೋ?" ಮುಂದಿದ್ದ ಬೆಣ್ಣೆ ದೋಸೆ ಆರಿಹೋಗುವಷ್ಟು ಹೊತ್ತು ಮಾತಾಡಿದೆವು.

ಒಇಸಿಡಿ ಅಂದರೆ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ. ಪ್ಯಾರಿಸ್‌ನ ಈ ಸಂಸ್ಥೆ ಶುರುವಾಗಿದ್ದು 1961ರಲ್ಲಿ. ಸದಸ್ಯ ದೇಶಗಳು 38, ಹೆಚ್ಚಿನವು ಉಳ್ಳವರದ್ದೇ. ಭಾರತ ಸದಸ್ಯ ಅಲ್ಲ. ಆದರೆ ಆಳ ನೋಡಿದರೆ ಇದೇ ಮೇಲು. ಶಿಕ್ಷಕರ ಸಂಬಳ, ಒಬ್ಬ ವಿದ್ಯಾರ್ಥಿಗೆ ಆಗುವ ಖರ್ಚು, ಪರಿಸರ ತೆರಿಗೆ, ಎಲ್ಲವನ್ನೂ ಒಂದೇ ಅಳತೆಗೆ ತಂದು ಕೊಡುತ್ತದೆ. 15 ವರ್ಷದ ಮಕ್ಕಳಿಗೆ ಓದು, ಗಣಿತ, ವಿಜ್ಞಾನದಲ್ಲಿ 2000ದಿಂದ ನಡೆಯುತ್ತಿರುವ ಪೀಸಾ ಪರೀಕ್ಷೆಯೂ ಇದರದ್ದೇ. ಅದರ 2009ರ ಸುತ್ತಿಗೆ ಸೇರಿದ್ದು ನಮ್ಮಿಂದ ಹಿಮಾಚಲ ಮತ್ತು ತಮಿಳುನಾಡು ಮಾತ್ರ, ಫಲಿತಾಂಶ ತೀರಾ ಕೆಳಗಿತ್ತು. ಕರ್ನಾಟಕ ಅದರಲ್ಲಿ ಇರಲಿಲ್ಲ. ಹಾಗಾಗಿ ನಮ್ಮ ಮಕ್ಕಳನ್ನು ಫಿನ್‌ಲ್ಯಾಂಡ್ ಮಕ್ಕಳ ಪಕ್ಕ ಇಟ್ಟು ಪೀಸಾ ಅಂಕ ಹೋಲಿಸುತ್ತೇನೆ ಅಂದರೆ ಆಗುವ ಮಾತಲ್ಲ.

ವಿಶ್ವ ಬ್ಯಾಂಕಿನದ್ದು ಅಗಲ ಜಾಸ್ತಿ. 200ಕ್ಕೂ ಹೆಚ್ಚು ದೇಶ, ಪ್ರದೇಶಗಳು ಸಿಗುತ್ತವೆ, ಭಾರತವೂ ಇದೆ. ಕೆಲವು ಅಂಕಿಗಳು 1960ರಿಂದಲೇ ಇವೆ. ದುಡ್ಡು ಕೊಡಬೇಕಿಲ್ಲ. ಅಲ್ಲಲ್ಲಿ ಅಂಕಿಯೇ ಇಲ್ಲದ ಖಾಲಿ ಮನೆಗಳು ಕಾಡುತ್ತವೆ, ಅಷ್ಟೇ.

ಅವಳ ವಿಷಯ ಜರ್ಮನಿ, ಜಪಾನ್‌ಗಳ ಶಾಲಾ ಖರ್ಚು. ಒಇಸಿಡಿಯೇ ಸಾಕು ಅಂದೆ. ಭಾರತವನ್ನೂ ಸೇರಿಸುವ ಮನಸ್ಸಿದ್ದರೆ ವಿಶ್ವ ಬ್ಯಾಂಕಿನಿಂದಲೇ ಶುರು ಮಾಡು, ಎರಡನ್ನೂ ಸುಮ್ನೆ ಒಂದೇ ಕೋಷ್ಟಕಕ್ಕೆ ತುರುಕಬೇಡ ಅಂತಲೂ ಹೇಳಿದೆ.