ಕರೆಂಟ್ ಸಂಸ್ಥೆಯಲ್ಲಿ ಅರ್ಬನ್ ಫಾರೆಸ್ಟ್ರಿ ಇಂಟರ್ನ್‌ಶಿಪ್: ಸೇರಬಹುದಾ?

ಸೇರಬಹುದು. ಆದರೆ ಬರೀ ಹೆಸರು ನೋಡಿ ಸೇರಬೇಡಿ. ಅರ್ಬನ್ ಫಾರೆಸ್ಟ್ರಿ, ಅಂದರೆ ಊರೊಳಗಿನ ಮರಗಳನ್ನು ನೋಡಿಕೊಳ್ಳುವ ಕೆಲಸ, ಅಂದ ತಕ್ಷಣ ಸಸಿ ನೆಡುವುದು, ಪಾರ್ಕಿಗೆ ಪ್ಲಾನ್ ಹಾಕುವುದು, ಶಾಲೆ ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳುವುದು ಅಂತ ಅಂದುಕೊಂಡಿದ್ದರೆ, ಅದು ಇಲ್ಲಿ ಸಿಗುವುದು ಒಂದು ಸಣ್ಣ ಪಾಲು ಅಷ್ಟೇ. ಉಳಿದದ್ದೆಲ್ಲ ತಂತಿಗೂ ಕೊಂಬೆಗೂ ನಡೆಯುವ ಜಗಳ ಬಿಡಿಸುವ ಕೆಲಸ. ಅಮೆರಿಕದಲ್ಲಿ ಫಾರೆಸ್ಟ್ರಿ ಮಾಸ್ಟರ್ಸ್ ಮಾಡುವಾಗ ಬೇಸಿಗೆ ರಜೆ ಪೂರ್ತಿ ಇಂಥ ಒಂದು ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದಿದೆ.

ಅಲ್ಲಿ ಕರೆಂಟ್ ಕೊಡುವವರೆಲ್ಲ ಒಂದೇ ಥರ ಅಲ್ಲ. ಷೇರುದಾರರ ಖಾಸಗಿ ಕಂಪನಿಗಳಿವೆ, ಹೆಚ್ಚಾಗಿ ಹಳ್ಳಿ ಕಡೆ ಇರುವ ಸಹಕಾರ ಸಂಘಗಳಿವೆ, ಊರಿನ ಆಡಳಿತವೋ ಜನರು ಆರಿಸಿದ ಮಂಡಳಿಯೋ ನಡೆಸುವ ಸಾರ್ವಜನಿಕ ಸಂಸ್ಥೆಗಳೂ ಇವೆ. ಈ ಮೂರನೆಯ ಥರದವು ಸುಮಾರು 2,000 ಇವೆ. ಲಾಸ್ ಏಂಜಲೀಸ್, ಸಿಯಾಟಲ್, ಆಸ್ಟಿನ್‌ನಂಥ ದೊಡ್ಡ ಊರುಗಳಿಗೆ ಕರೆಂಟ್ ಬರುವುದು ಇಂಥ ಸಂಸ್ಥೆಗಳಿಂದಲೇ. ನೆಬ್ರಾಸ್ಕಾ ರಾಜ್ಯದಲ್ಲಂತೂ ಮನೆಗಳಿಗೆ ಕರೆಂಟ್ ಕೊಡುವ ಷೇರುದಾರರ ಕಂಪನಿಯೇ ಇಲ್ಲ. ಇಂಟರ್ನ್‌ಗೆ ಇದರಿಂದ ಏನಾಗಬೇಕು ಅಂತೀರಾ? ತುಂಬಾ ಆಗುತ್ತದೆ. ಇಂಥ ಸಾರ್ವಜನಿಕ ಸಂಸ್ಥೆಯಲ್ಲಿ ನೀವು ಯಾರ ಮನೆ ಮುಂದಿನ ಮರಕ್ಕೆ ಕೈ ಹಾಕುತ್ತೀರೋ ಅವರು ನಿಮ್ಮ ಗ್ರಾಹಕರೂ ಹೌದು, ಒಂದು ರೀತಿಯಲ್ಲಿ ಮಾಲೀಕರೂ ಹೌದು. ಅವರಿಗೆ ಸಿಟ್ಟು ಬಂದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಸುಮ್ಮನಾಗುವುದಿಲ್ಲ. ಮಂಡಳಿಯ ಬಹಿರಂಗ ಸಭೆಗೆ ಬಂದು ಮೈಕ್ ಹಿಡಿದು ಕೇಳುತ್ತಾರೆ.

ಮೊದಲ ವಾರ ಕಲಿಸಿದ್ದು ಮರದ ಬಗ್ಗೆ ಅಲ್ಲವೇ ಅಲ್ಲ, ಕಂಬದ ಬಗ್ಗೆ. ಈ ಇಂಟರ್ನ್‌ಶಿಪ್‌ನ ಬೆಸ್ಟ್ ಪಾಠ ಅದೇ ಅಂತ ಈಗ ಅನಿಸುತ್ತದೆ. ಕಂಬದ ತುದಿಯಲ್ಲಿ ಇನ್ಸುಲೇಟರ್ ಮೇಲೆ ಕೂತಿರುವ ತಂತಿ ಪ್ರೈಮರಿ. ಸಾವಿರಾರು ವೋಲ್ಟ್, ಸಾಮಾನ್ಯವಾಗಿ ಮೇಲೆ ಹೊದಿಕೆಯೂ ಇರುವುದಿಲ್ಲ. ಅದರ ಕೆಳಗೆ ಟ್ರಾನ್ಸ್‌ಫಾರ್ಮರ್‌ನಿಂದ ಇಳಿದು ಬಂದ ಸೆಕೆಂಡರಿ, ಅದು ಮನೆಗೆ ಹೋಗುವ 120, 240 ವೋಲ್ಟ್. ಇನ್ನೂ ಕೆಳಗೆ ಕಪ್ಪಗೆ, ದಪ್ಪಗೆ, ನೋಡಿದರೆ ಭಯ ಆಗುವ ಹಾಗೆ ಜೋತಾಡುತ್ತಿರುವುದು ಫೋನ್, ಕೇಬಲ್ ಟೀವಿ, ಇಂಟರ್ನೆಟ್‌ನ ತಂತಿ. ಜನ ಹೆದರುವುದು ಈ ಕೆಳಗಿನದಕ್ಕೆ. ಕೊಂಬೆ ಅದರ ಮೇಲೆ ಒರಗಿದೆ ಬನ್ನಿ ಬನ್ನಿ ಅಂತ ಫೋನ್ ಮಾಡುತ್ತಾರೆ, ಹೋಗಿ ನೋಡಿದರೆ ಅದು ಕರೆಂಟ್ ಸಂಸ್ಥೆಗೆ ಸಂಬಂಧವೇ ಇಲ್ಲದ ತಂತಿ, ಅದೇ ಮರದ ನೆತ್ತಿ ಮಾತ್ರ ಮೇಲಿನ ಪ್ರೈಮರಿಗೆ ಒಂದು ಗೇಣು ದೂರದಲ್ಲಿ ಅಲ್ಲಾಡುತ್ತಿರುತ್ತದೆ, ಅದನ್ನು ಮನೆಯವರು ತಲೆಯೆತ್ತಿ ನೋಡಿಯೇ ಇರುವುದಿಲ್ಲ.

ಆ ಪ್ರೈಮರಿ ಹತ್ತಿರ ಇಂಟರ್ನ್ ಹೋಗುವ ಹಾಗಿಲ್ಲ. ಅದಕ್ಕೆ ಬೇಕಾದ ತರಬೇತಿ ಇಲ್ಲದವರು 50 ಸಾವಿರ ವೋಲ್ಟ್‌ವರೆಗಿನ ತಂತಿಯಿಂದ ಕನಿಷ್ಠ 10 ಅಡಿ ದೂರ ಇರಬೇಕು ಅಂತ ಅಮೆರಿಕದ ಕೆಲಸಗಾರರ ಸುರಕ್ಷತಾ ನಿಯಮ ಹೇಳುತ್ತದೆ. ನಿಮ್ಮ ಕೈ ಮಾತ್ರ ಅಲ್ಲ, ಕೈಯಲ್ಲಿರುವ ಕೋಲಿನ ತುದಿಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆಳನ್ನು ಬುಟ್ಟಿಯಲ್ಲಿ ಮೇಲೆತ್ತುವ ಬಕೆಟ್ ಲಾರಿ ಹತ್ತಬಹುದು, ಗರಗಸ ಹಿಡಿಯಬಹುದು ಅಂತ ಆಸೆ ಇಟ್ಟುಕೊಂಡವರಿಗೆ ನಿರಾಸೆ ಆಗುತ್ತದೆ. ಕಡಿಯುವವರು ಬಹುಮಟ್ಟಿಗೆ ಗುತ್ತಿಗೆಯವರು. ಸಂಸ್ಥೆಯ ಫಾರೆಸ್ಟರ್ ಮೊದಲು ಹೋಗಿ ಯಾವ ಮರ, ಎಷ್ಟು, ಎಲ್ಲಿಂದ ಅಂತ ಗುರುತು ಹಾಕುತ್ತಾರೆ, ಕಡಿದ ಮೇಲೆ ಸರಿಯಾಗಿ ಕಡಿದಿದ್ದಾರಾ ಅಂತ ನೋಡಿ ಸಹಿ ಹಾಕುತ್ತಾರೆ. ಇಂಟರ್ನ್ ಅವರ ಹಿಂದೆ ಟ್ಯಾಬ್ಲೆಟ್ ಹಿಡಿದು ನಡೆಯುತ್ತಾನೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡಕ್ಕೆ ಟೇಪ್ ಸುತ್ತಿ ಅಳತೆ, ಜಾತಿ, ತಂತಿಗೆ ಎಷ್ಟು ದೂರ, ಟೊಳ್ಳಿದೆಯಾ, ಬಾಗಿದೆಯಾ. ಮುಂದಿನ ಮರ. ಮತ್ತೆ ಮುಂದಿನ ಮರ.

ಬೋರ್ ಅನಿಸಬಹುದು. ಆದರೆ ಒಳ್ಳೆ ಫಾರೆಸ್ಟರ್ ಹಿಂದೆ ನಡೆದರೆ ಕಾಲೇಜಿನಲ್ಲಿ ಸ್ಲೈಡ್ ಮೇಲೆ ನೋಡಿದ್ದು ಕಣ್ಣೆದುರು ಬರುತ್ತದೆ. ತಂತಿ ಕೆಳಗಿನ ಮರವನ್ನು ಮೇಲಿಂದ ನೆಟ್ಟಗೆ ಬೋಳಿಸಿದರೆ, ಅದನ್ನು ಟಾಪಿಂಗ್ ಅಂತಾರೆ, ಮರ ಸುಮ್ಮನಿರುವುದಿಲ್ಲ. ಕಡಿದ ಜಾಗದ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ಹೊಡೆಯುತ್ತದೆ. ಆ ಚಿಗುರು ಬೆಳೆಯುವುದು ಮಾಮೂಲಿ ಕೊಂಬೆಗಿಂತ ಜೋರಾಗಿ, ಅಂಟಿಕೊಂಡಿರುವುದು ಮಾತ್ರ ತೊಗಟೆಯ ಮಟ್ಟದಲ್ಲಿ. ಅಂದರೆ ಬೇಗ ತಂತಿ ಮುಟ್ಟುತ್ತದೆ, ಗಾಳಿಗೆ ಬೇಗ ಮುರಿಯುತ್ತದೆ. ಬೋಳಿಸಿದ್ದಕ್ಕೆ ಕೊಟ್ಟ ದುಡ್ಡೂ ದಂಡ, ಮರವೂ ಹಾಳು. ಅದಕ್ಕೇ ಈಗ ತಂತಿಯಿಂದ ಆಚೆ ತಿರುಗಿರುವ ಪಕ್ಕದ ಕೊಂಬೆಯನ್ನು ಉಳಿಸಿಕೊಂಡು, ತಂತಿ ಕಡೆ ಹೋಗುವುದನ್ನು ಮಾತ್ರ ಅದರ ಬುಡದಲ್ಲೇ ತೆಗೆಯುತ್ತಾರೆ. ಉಳಿಸಿದ ಕೊಂಬೆ, ತೆಗೆದ ಕೊಂಬೆಯ ಮೂರನೇ ಒಂದು ಭಾಗದಷ್ಟಾದರೂ ದಪ್ಪ ಇರಬೇಕು ಅನ್ನುವುದು ರೂಢಿಯ ಲೆಕ್ಕ. ಮರ ಆಮೇಲೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತದೆ, ನಡುವೆ ತಂತಿ. ಚೆನ್ನಾಗಿ ಕಾಣುವುದಿಲ್ಲ, ಒಪ್ಪುತ್ತೇನೆ. ಆದರೆ ಮರದ ಲೆಕ್ಕದಲ್ಲಿ ಬೋಳು ತಲೆಗಿಂತ ಅದೇ ವಾಸಿ.

ಕಡಿಯುವ ಜಾಗವೂ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿರುತ್ತದಲ್ವಾ, ಆ ಉಬ್ಬನ್ನು ಮುಟ್ಟಬಾರದು, ಅದರ ಹೊರಗೇ ಕಡಿಯಬೇಕು. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ನೋಡಿ 1970, 80ರ ದಶಕಗಳಲ್ಲಿ ಇದನ್ನು ತೋರಿಸಿಕೊಟ್ಟರು. ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಮರ ಒಳಗೇ ಗೋಡೆ ಕಟ್ಟಿ, ಅದರ ಹೊರಗೆ ಹೊಸ ಮರ ಬೆಳೆಸಿಕೊಂಡು ಹೋಗುತ್ತದೆ. ಕಾಂಡಕ್ಕೆ ಸಮ ಮಾಡಿ ಕಡಿದರೆ ಆ ಗೋಡೆ ಕಟ್ಟುವ ಜಾಗವನ್ನೇ ಕಿತ್ತುಹಾಕಿದ ಹಾಗೆ. ಗಾಯಕ್ಕೆ ಪೇಂಟ್ ಬಳಿಯುವುದರಿಂದಲೂ ಕೊಳೆ ನಿಲ್ಲುವುದಿಲ್ಲ ಅಂತ ಅವರೇ ತೋರಿಸಿದ್ದು. ಆದರೂ ಈಗಲೂ ಮನೆ ಮನೆಯಲ್ಲೂ ಕೇಳುತ್ತಾರೆ, ಅದಕ್ಕೊಂದು ಪೇಂಟ್ ಬಳಿಯಲ್ವಾ ಅಂತ.

ಆ್ಯಶ್ ಅನ್ನುವ ಜಾತಿಯ ಸತ್ತ ಮರಗಳ ಕೆಲಸ ಬೇರೆಯೇ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಸಿಕ್ಕ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಜೀರುಂಡೆ ಅಲ್ಲಿಂದೀಚೆಗೆ ಕೋಟಿಗಟ್ಟಲೆ ಮರ ತಿಂದಿದೆ. ತೊಗಟೆಯ ಹತ್ತಿರ ಮುಖ ಇಟ್ಟು ನೋಡಿದರೆ ಮೂರು ಮಿಲಿಮೀಟರಿನಷ್ಟು ಸಣ್ಣ ತೂತು, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಕಮಾನು. ಆ ಆಕಾರ ನೋಡಿದರೆ ಸಾಕು, ಗೊತ್ತಾಗುತ್ತದೆ. ತೊಗಟೆ ಎಬ್ಬಿಸಿದರೆ ಒಳಗೆಲ್ಲ ಹುಳು ಕೊರೆದ ಅಂಕುಡೊಂಕು ದಾರಿ, ಹಿಟ್ಟು ತುಂಬಿಕೊಂಡಿರುತ್ತದೆ. ಸತ್ತ ಆ್ಯಶ್ ಬೇಗ ಪೆಡಸಾಗುತ್ತದೆ, ಹತ್ತಿದವರ ಭಾರಕ್ಕೇ ಮುರಿಯಬಹುದು, ಹಾಗಾಗಿ ಅದನ್ನು ಹತ್ತಿ ಕಡಿಯಲು ಅನುಭವಸ್ಥರೇ ಒಪ್ಪುವುದಿಲ್ಲ. ಬಕೆಟ್ ಲಾರಿ ಹೋಗದ ಹಿತ್ತಿಲಲ್ಲಿ ಇಂಥ ಮರ ತಂತಿ ಮೇಲೆ ಬಾಗಿದ್ದರೆ ಫಾರೆಸ್ಟರ್‌ಗೆ ದೊಡ್ಡ ತಲೆನೋವು. ಈ ಚರ್ಚೆಗಳನ್ನು ಪಕ್ಕದಲ್ಲಿ ನಿಂತು ಕೇಳುವುದೇ ಒಂದು ಕ್ಲಾಸು.

ಕರೆಂಟ್ ಸಂಸ್ಥೆಗೆ ಮರದ ಮೇಲೆ ಇಷ್ಟು ಕಣ್ಣು ಯಾಕೆ ಅನ್ನುವುದಕ್ಕೆ ಟ್ರೇನಿಂಗ್‌ನಲ್ಲಿ ಹೇಳುವ ಕಥೆ 2003ರ ಆಗಸ್ಟ್ 14ರದ್ದು. ತಂತಿಯಲ್ಲಿ ಜಾಸ್ತಿ ಕರೆಂಟ್ ಹರಿದರೆ ಬಿಸಿಯಾಗಿ ಹಿಗ್ಗುತ್ತದೆ, ಹಿಗ್ಗಿದರೆ ಕೆಳಗೆ ಜೋಲುತ್ತದೆ. ಆ ಮಧ್ಯಾಹ್ನ ಓಹಾಯೋದಲ್ಲಿ 345 ಕಿಲೋವೋಲ್ಟ್‌ನ ಲೈನುಗಳು ಒಂದರ ಹಿಂದೆ ಒಂದು ಬೆಳೆದ ಮರಗಳಿಗೆ ತಗುಲಿ ಕಡಿತವಾದವು. ಅವು ಹೊರಬೇಕಾದ ಮಿತಿಗಿಂತ ಹೆಚ್ಚೇನೂ ಹೊತ್ತಿರಲಿಲ್ಲ, ಮರ ಇರಬಾರದ ಎತ್ತರದಲ್ಲಿತ್ತು ಅಷ್ಟೇ. ಅಲ್ಲಿನ ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಕೈಕೊಟ್ಟಿದ್ದರಿಂದ ಆಪರೇಟರ್‌ಗಳಿಗೆ ಗೊತ್ತೂ ಆಗಲಿಲ್ಲ. ಸಂಜೆ ಹೊತ್ತಿಗೆ ಅಮೆರಿಕದ ಈಶಾನ್ಯ, ಮಧ್ಯಪಶ್ಚಿಮ ಭಾಗಗಳು ಮತ್ತು ಕೆನಡಾದ ಒಂಟಾರಿಯೋ ಸೇರಿ ಸುಮಾರು 5 ಕೋಟಿ ಜನಕ್ಕೆ ಕರೆಂಟಿಲ್ಲ. 2005ರ ಕಾನೂನಿನ ನಂತರ ದೊಡ್ಡ ಲೈನುಗಳ ಕೆಳಗಿನ ಮರಗಳಿಗೆ ಕಡ್ಡಾಯ ನಿಯಮ ಬಂತು, ಮುರಿದರೆ ದಂಡ. ಆದರೆ ಊರೊಳಗಿನ ಬೀದಿ ಲೈನುಗಳಿಗೆ ಆ ನಿಯಮ ಬರುವುದಿಲ್ಲ, ಅಲ್ಲಿ ಆಯಾ ರಾಜ್ಯ, ಆಯಾ ಊರಿನ ಲೆಕ್ಕ. ಇಂಟರ್ನ್ ಓಡಾಡುವುದು ಹೆಚ್ಚಾಗಿ ಈ ಬೀದಿಗಳಲ್ಲೇ.

ಈಗ ಬೈಗುಳ. ಜಾಹೀರಾತಿನಲ್ಲಿ ಹಾಕಿದ್ದು ಸಂಶೋಧನಾ ಪ್ರಾಜೆಕ್ಟ್, ಯಾವ ಜಾತಿಯ ಮರ ಕಡಿದ ಮೇಲೆ ಎಷ್ಟು ಬೇಗ ತಂತಿ ಮುಟ್ಟುತ್ತದೆ ಅಂತ ನೋಡಿ ಬೀದಿವಾರು ಕೊಂಬೆ ಕಡಿಯುವ ವೇಳಾಪಟ್ಟಿ ಮಾಡುವುದು ಅಂತ. ಒಳ್ಳೆ ಪ್ರಶ್ನೆ. ಎಲ್ಲ ಬೀದಿಗೂ ಒಂದೇ ಅಂತರದಲ್ಲಿ ಹೋಗುವುದಕ್ಕಿಂತ, ಸಿಲ್ವರ್ ಮೇಪಲ್ ಜಾಸ್ತಿ ಇರುವ ಬೀದಿಗೆ ಬೇಗ, ನಿಧಾನಕ್ಕೆ ಬೆಳೆಯುವ ಮರಗಳ ಬೀದಿಗೆ ತಡವಾಗಿ ಹೋದರೆ ದುಡ್ಡೂ ಉಳಿಯುತ್ತದೆ, ಮರಕ್ಕೂ ಒಳ್ಳೆಯದು. ಆದರೆ ಹಳೆ ದಾಖಲೆ ಒಂದು ಸಾಫ್ಟ್‌ವೇರ್‌ನಲ್ಲಿ, ಹೊಸದು ಇನ್ನೊಂದರಲ್ಲಿ, ಎರಡರಲ್ಲೂ ಮರದ ಗುರುತಿನ ನಂಬರ್ ಬೇರೆ ಬೇರೆ. ಜಾತಿಯ ಕಾಲಮ್ಮಿನಲ್ಲಿ ಬರೀ ಮೇಪಲ್ ಅಂತ ಇದ್ದರೆ ಯಾವ ಮೇಪಲ್ ಅಂತ ತಿಳಿದುಕೊಳ್ಳುವುದು? ಅದನ್ನು ಸರಿ ಮಾಡುವುದರಲ್ಲೇ ಮುಕ್ಕಾಲು ಸಮಯ ಹೋಯಿತು. ಮಧ್ಯದಲ್ಲಿ ದೊಡ್ಡ ಬಿರುಗಾಳಿ ಬಂದಾಗ ಮೆಂಟರ್ ಸೇರಿ ಎಲ್ಲರೂ ಅದರ ಹಿಂದೆ ಹೋದರು. ಹೋಗಲೇಬೇಕು, ಅದು ತಪ್ಪಲ್ಲ. ಆದರೆ ಅಷ್ಟೂ ದಿನ ಇಂಟರ್ನ್ ಏನು ಮಾಡಬೇಕು ಅಂತ ಯಾರೂ ಯೋಚಿಸಿಯೇ ಇರಲಿಲ್ಲ. ಕೊನೆಗೆ ರಿಪೋರ್ಟ್ ಕೊಟ್ಟೆ, ಚೆನ್ನಾಗಿದೆ ಅಂದರು, ಅಷ್ಟಕ್ಕೇ ಮುಗಿಯಿತು. ಆ ವೇಳಾಪಟ್ಟಿ ಜಾರಿಗೆ ಬರುತ್ತದಾ ಅಂತ ಕೇಳಿದ ಮೇಲ್‌ಗೆ ಉತ್ತರ ಬರಲಿಲ್ಲ.

ನೆಡುವ ಕೆಲಸದಲ್ಲೂ ಹಾಗೇ. ನೆರಳಿನ ಮರ ನೆಟ್ಟರೆ ಎಸಿ ಖರ್ಚು ಕಮ್ಮಿ, ಎಸಿ ಕಮ್ಮಿಯಾದರೆ ಸಂಜೆ ಹೊತ್ತಿನ ಲೋಡ್ ಕಮ್ಮಿ. ಅದಕ್ಕೆ ಮನೆಯ ಪಶ್ಚಿಮಕ್ಕೆ ನೆಡುವುದೇ ಹೆಚ್ಚು ಲಾಭ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಅಲ್ಲಿನ ಸಾರ್ವಜನಿಕ ವಿದ್ಯುತ್ ಸಂಸ್ಥೆ ಮತ್ತು ಅಲ್ಲಿನ ಟ್ರೀ ಫೌಂಡೇಶನ್ ಸೇರಿ 1990ರಿಂದ ಮನೆಗಳಿಗೆ ಪುಕ್ಕಟೆ ಸಸಿ ಕೊಡುತ್ತಾ ಬಂದು ಲಕ್ಷಗಟ್ಟಲೆ ಮರ ನೆಡಿಸಿವೆ. ಅದನ್ನು ಓದಿಕೊಂಡು ಹೋದವನಿಗೆ ನಮ್ಮಲ್ಲಿ ಸಿಕ್ಕಿದ್ದು ಒಂದು ಕರಪತ್ರ ತಿದ್ದುವ ಕೆಲಸ, ತಂತಿ ಕೆಳಗೆ 25 ಅಡಿಗಿಂತ ಎತ್ತರ ಬೆಳೆಯುವ ಮರ ಹಾಕಬೇಡಿ ಅನ್ನುವುದು. ಅದೂ ಬೇಕಾದ್ದೇ, ಆದರೆ ಅದಕ್ಕೆ ಮಾಸ್ಟರ್ಸ್ ಬೇಕಾ?

ಜನರ ಜೊತೆ ಮಾತಾಡುವುದನ್ನು ಮಾತ್ರ ಬೇರೆಲ್ಲೂ ಹೀಗೆ ಕಲಿಯಲಾಗುವುದಿಲ್ಲ. ಬಾಗಿಲಿಗೆ ನೋಟಿಸ್ ಸಿಕ್ಕಿಸಿ ಬಂದರೆ ಮುಗಿಯಲಿಲ್ಲ. ತೀರಿಕೊಂಡ ಗಂಡ ನೆಟ್ಟ ಮರ ಅಂತ ಅಳುವವರು, ಪೂರ್ತಿ ಕಡಿದುಹಾಕಿ ಎಲೆ ಗುಡಿಸಿ ಸಾಕಾಗಿದೆ ಅನ್ನುವವರು, ಎರಡೂ ಒಂದೇ ಬೀದಿಯಲ್ಲಿ. ನಮ್ಮ ಫಾರೆಸ್ಟರ್ ಒಬ್ಬರು ಯಾವತ್ತೂ ನೋಟಿಸ್ ಮೊದಲು ಕೊಡುತ್ತಿರಲಿಲ್ಲ. ಮರದ ಕೆಳಗೆ ಮನೆಯವರನ್ನು ಕರೆದುಕೊಂಡು ಹೋಗಿ, ಯಾವ ಕೊಂಬೆ ಉಳಿಯುತ್ತದೆ ಅಂತ ಮೊದಲು ತೋರಿಸಿ, ಆಮೇಲೆ ಹೋಗುವುದನ್ನು ತೋರಿಸುತ್ತಿದ್ದರು. ಗೂಡಿದ್ದರೆ, ಅದರಲ್ಲಿ ಮೊಟ್ಟೆ ಮರಿ ಇದ್ದರೆ, ವಲಸೆ ಹಕ್ಕಿಗಳ ಕಾನೂನು ಇದೆ, ಆ ಕೊಂಬೆಯನ್ನು ಆಮೇಲೆ ನೋಡೋಣ ಅಂತ ಅಲ್ಲೇ ಬರೆದುಕೊಳ್ಳುತ್ತಿದ್ದರು. ಅರ್ಧ ಸಿಟ್ಟು ಅಲ್ಲೇ ಇಳಿಯುತ್ತಿತ್ತು.

ಸೇರುವವರು ಕೆಲವು ವಿಷಯ ಮೊದಲೇ ಕೇಳಿಕೊಳ್ಳಿ. ಪ್ರಾಜೆಕ್ಟ್‌ಗೆ ಬೇಕಾದ ಡೇಟಾ ಈಗಲೇ ಇದೆಯಾ, ನೋಡಬಹುದಾ? ವಾರದಲ್ಲಿ ಎಷ್ಟು ದಿನ ಫೀಲ್ಡು, ಎಷ್ಟು ದಿನ ಆಫೀಸು? ಬಿರುಗಾಳಿ ಬಂದರೆ ನಿಮ್ಮನ್ನು ನೋಡಿಕೊಳ್ಳುವುದು ಯಾರು? ಡ್ರೈವಿಂಗ್ ಲೈಸೆನ್ಸ್ ಸಾಮಾನ್ಯವಾಗಿ ಬೇಕೇ ಬೇಕು, ಸಂಸ್ಥೆಯ ಗಾಡಿ ನೀವೇ ಓಡಿಸಬೇಕಾಗುತ್ತದೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವವರು, ಓದಿನ ಭಾಗವಾಗಿ ಕೆಲಸ ಮಾಡುವ ಸಿಪಿಟಿ ಅನುಮತಿ ಕಾಲೇಜು ಕೊಡುವ ಐ-20 ದಾಖಲೆ ಮೇಲೆ ಬರುವವರೆಗೆ ಒಂದು ದಿನವೂ ಕೆಲಸ ಶುರು ಮಾಡಬೇಡಿ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಆ ಪದವಿಗೆ ಸಿಗುವ ಒಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ, ಹೋಗುತ್ತದೆ, ಒಂದು ಬೇಸಿಗೆಯಿಂದ ಅಷ್ಟಾಗುವುದಿಲ್ಲ, ಆದರೆ ಲೆಕ್ಕ ಇಟ್ಟುಕೊಳ್ಳಿ. ಕೆಲಸ ಬಿಡುವಾಗ ಏನೇನು ಮಾಡಿದಿರಿ, ಎಷ್ಟು ಗಂಟೆ ಅಂತ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಮರ ನೋಡಿಕೊಳ್ಳುವವರ ಅಂತರರಾಷ್ಟ್ರೀಯ ಸಂಘ ಐಎಸ್‌ಎ ನಡೆಸುವ ಸರ್ಟಿಫೈಡ್ ಆರ್ಬರಿಸ್ಟ್ ಪರೀಕ್ಷೆಗೆ ಕೂರಲು ಅನುಭವ ತೋರಿಸಬೇಕು, ಈ ಕ್ಷೇತ್ರದ ಪದವಿ ಇದ್ದರೆ ಕಡಿಮೆ ವರ್ಷ ಸಾಕು. ಕರೆಂಟ್ ಸಂಸ್ಥೆಗಳಲ್ಲಿ ಕೆಲಸ ಹುಡುಕುವಾಗ ನಿಮ್ಮ ಥೀಸಿಸ್‌ಗಿಂತ ಆ ಪರೀಕ್ಷೆ ಪಾಸಾದ ಕಾರ್ಡಿಗೇ ಬೆಲೆ ಜಾಸ್ತಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫೀಲ್ಡಿಗೆ ನಾಲ್ಕೂವರೆ, ಪ್ರಾಜೆಕ್ಟಿಗೆ ಎರಡು. ಪಿಎಚ್‌ಡಿ ಕಡೆ ಹೋಗುವ, ಪೇಪರ್ ಬೇಕು ಅನ್ನುವವರು ವಿಶ್ವವಿದ್ಯಾಲಯದ ಲ್ಯಾಬ್ ನೋಡಿಕೊಳ್ಳಿ. ಮರದ ಜೊತೆ ಜನರನ್ನೂ ಸಂಭಾಳಿಸುವ ಕೆಲಸ ಬೇಕು ಅನ್ನುವವರು ಅರ್ಜಿ ಹಾಕಿ. ಬೇಸಿಗೆಯ ಜಾಗಗಳಿಗೆ ಜಾಹೀರಾತು ಚಳಿಗಾಲದಲ್ಲೇ ಬರಲು ಶುರುವಾಗುತ್ತದೆ, ವಸಂತ ಬಂದ ಮೇಲೆ ಹುಡುಕಿದರೆ ಒಳ್ಳೆಯವು ಉಳಿದಿರುವುದಿಲ್ಲ.